ಬಂಡೆಯ ಮೇಲಿನ ಇಲಿಕಿವಿ

ಮೊರೊಗೊರೊ
28 ಆಗಸ್ಟ್ 1994

ಪ್ರೀತಿಯ ಅತ್ತೆಗೆ,

ಶಿಕಮೂ, ನಿಮ್ಮ ಪಾದಕ್ಕೆ ನಮಸ್ಕಾರ. ಕ್ಷಮಿಸಿ, ಈ ಕಾಗದ ಬರೆಯುತ್ತಿರುವುದಕ್ಕೇ ಕ್ಷಮಿಸಿ. ರಜೆ ಮುಗಿಸಿ ಬಂದು ಎರಡು ತಿಂಗಳು ಸುಮ್ಮನಿದ್ದವಳು ಈಗ ಬರೆದರೆ, ಇವಳಿಗೆ ಏನೋ ಬೇಕಾಗಿದೆ ಎಂದು ನಿಮಗೆ ಗೊತ್ತಾಗುತ್ತದೆ. ನಿಜ, ಬೇಕಾಗಿದೆ.

ನಾನು ಚೆನ್ನಾಗಿದ್ದೇನೆ. ಒಂಬತ್ತನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಇಲ್ಲಿಯ ಉಗಾಲಿ ಮುದ್ದೆ, ನೀರು ಬೀನ್ಸು ಹೊಸದಲ್ಲ. ನಿದ್ದೆಯೊಂದೇ ಕಡಿಮೆ. ರೂಮಿನ ಗೆಳತಿ ಬಹತಿ ರೇಗಿಸುತ್ತಾಳೆ: "ಕನಸಲ್ಲೂ ಇಂಗ್ಲಿಷಲ್ಲಿ ಸಾರಿ ಸಾರಿ ಅಂತೀಯಲ್ಲೇ, ಅಲ್ಲೂ ಎಕ್ಸಾಮ್ ಇಟ್ಟಿದಾರಾ?"

ರಜೆಯಲ್ಲಿ ಹತ್ತು ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ ತರಬೇಕಿತ್ತು. ಬೇರು, ಎಲೆ, ಹೂ, ಕಾಯಿ ಎಲ್ಲವೂ ಇರಬೇಕು. ಬೇರಿಲ್ಲದಿದ್ದರೆ ಅರ್ಧ ಮಾರ್ಕ್ಸ್. ಕಿಹಿಯೊ ಮೇಷ್ಟ್ರು ಒಂಬತ್ತು ಹಾಳೆಗಳನ್ನು ಸರಸರ ತಿರುವಿ ಹತ್ತನೆಯದರ ಮುಂದೆ ನಿಂತುಬಿಟ್ಟರು. ಅದು ನಮ್ಮ ತೊರೆಯ ಬಂಡೆಯ ಇಲಿಕಿವಿ.

"ಇದೆಲ್ಲಿ ಸಿಕ್ತಮ್ಮಾ?"

"ನಮ್ಮತ್ತೆ ಮನೆ ಹಿಂದೆ ಸರ್."

"ನಿಮ್ಮತ್ತೆ ಮನೆ ಯಾವ ಮ್ಯಾಪಲ್ಲಿದೆ?"

ಲ್ಯಾಬಿಗೆ ಲ್ಯಾಬೇ ನಕ್ಕಿತು. ಮೇಷ್ಟ್ರು ಮಾತ್ರ ನಗದೆ ನನ್ನನ್ನು ಲೆನ್ಸಿನ ಹತ್ತಿರ ಕರೆದರು. ಅತ್ತೆ, ನಾವು ದಿನಾ ಸವರುತ್ತಿದ್ದ ಆ ಎಲೆಯ ಮೇಲೆ ಎರಡು ಥರದ ಕೂದಲಿವೆ. ಉದ್ದನೆಯವು ನೆಟ್ಟಗೆ, ಗಿಡ್ಡವು ಒತ್ತಾಗಿ. ನೇರಳೆ ಹೂವಿನ ನಡುವಿನ ಎರಡು ಹಳದಿ ಚೀಲಗಳು ತಾವಾಗಿ ಪರಾಗ ಉದುರಿಸುವುದಿಲ್ಲವಂತೆ. ಜೇನ್ನೊಣ ಬಂದು ಗುಂಯ್‌ಗುಟ್ಟಿ ನಡುಗಿಸಬೇಕು. ಅವುಗಳ ಪಕ್ಕದ ಸಣ್ಣ ಕಡ್ಡಿ ಒಂದು ಹೂವಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ವಾಲಿರುತ್ತದೆ, ಇಬ್ಬರು ಅಕ್ಕತಂಗಿಯರು ಮುನಿಸಿಕೊಂಡ ಹಾಗೆ.

"ಈ ಕೂದಲಿನ ಗಿಡ ನಾನೆಲ್ಲೂ ನೋಡಿಲ್ಲ. ಆ ಬಂಡೆ ಬಿಟ್ಟರೆ ಲೋಕದಲ್ಲೇ ಇಲ್ಲವೇನೋ. ಅಲ್ಲಿ ಇನ್ನೆಷ್ಟಿವೆ?" ಎಂದರು.

"ಇವೆ ಸರ್" ಎಂದುಬಿಟ್ಟೆ.

ಒಂದೂ ಇಲ್ಲ. ಬಂಡೆ ಬೋಳಾಗಿರುವುದು ನಿಮಗೆ ಗೊತ್ತು. ಬೋಳು ಮಾಡಿದವಳು ನಾನು. ಅಲ್ಲಿದ್ದದ್ದು ಆರು ಗಿಡ. ಮೊದಲನೆಯದರ ಬೇರು ಹರಿಯಿತು, ಎರಡನೆಯದರಲ್ಲಿ ಕಾಯಿ ಇರಲಿಲ್ಲ, ಮೂರನೆಯದರ ಹೂ ಉದುರಿತು. ಹೀಗೇ ಕೀಳುತ್ತಾ ಹೋದೆ. ಆರನೆಯದು ಹಾಳೆಗೆ ಸರಿಹೊಂದಿತು. ಉಳಿದವನ್ನು ತೊರೆಗೆ ಎಸೆದೆ.

ಜ್ವರದ ಮಗುವಿನ ಹಣೆಗೆಂದು ಒಂದೆಲೆ ಕಿತ್ತರೂ ನೀವು ಇನ್ನೊಂದನ್ನು ತೊಟ್ಟಿನ ಸಮೇತ ಪಾಚಿಗೆ ಸಿಕ್ಕಿಸಿ, "ಕಿತ್ತ ಕೈಯೇ ಊರ್ಬೇಕು ಕಣೇ" ಎನ್ನುತ್ತಿದ್ದಿರಿ. ಅದು ಹಳ್ಳಿಯ ನಂಬಿಕೆ ಎಂದುಕೊಂಡಿದ್ದೆ. ತೊಟ್ಟಿನ ಬುಡದಿಂದಲೇ ಹೊಸ ಗಿಡ ಹುಟ್ಟುತ್ತದೆಂದು ಮೊನ್ನೆ ಲೈಬ್ರರಿಯಲ್ಲಿ ಓದಿ, ಪುಸ್ತಕ ಮುಚ್ಚಿ ಅತ್ತುಬಿಟ್ಟೆ.

ಹಾಳೆಗೆ ಹೆಚ್ಚಾಗಿದ್ದ ಒಂದೆಲೆಯನ್ನು ಚೆಂದಕ್ಕೆಂದು ಡಬ್ಬಿಯಲ್ಲಿ ಒದ್ದೆ ಪಾಚಿಯ ಮೇಲಿಟ್ಟು ತಂದಿದ್ದೆ. ಈಗ ಅದರ ಬುಡದಲ್ಲಿ ಅಕ್ಕಿಕಾಳಿನಷ್ಟು ಎರಡು ಎಲೆ ಮೂಡಿವೆ. ಆಗಲೇ ಕೂದಲೂ ಇವೆ! ನನ್ನ ಹತ್ತಿರ ಉಳಿದಿರುವುದು ಅಷ್ಟೇ. ಮೇಷ್ಟ್ರು ಹದಿನೈದನೇ ತಾರೀಕು ಬಂಡೆ ನೋಡಲು ಬರುತ್ತಾರೆ. ಅಷ್ಟರೊಳಗೆ ಅವರಿಗೆ ನಿಜ ಹೇಳುತ್ತೇನೆ. ಮೊದಲು ನಿಮಗೆ ಹೇಳದೆ ಬಾಯಿ ಬರಲಿಲ್ಲ. ಒಮ್ಮೆ ಬಂಡೆಯ ಬಿರುಕುಗಳಲ್ಲಿ ಬೆರಳಾಡಿಸಿ ನೋಡುತ್ತೀರಾ? ಮುರಿದ ತೊಟ್ಟೇನಾದರೂ ಚಿಗುರಿದೆಯೇ ಎಂದು.

ಮಂಡಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ
ಸೆಮೇನಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಬಂಡೆ ಬೋಳಾದದ್ದು ಕಂಡ ದಿನ ನೀವು ಪಕ್ಕದ ಮನೆಯ ಸಿಂಗಾನೊ ತಾತನ ಆಡೇ ಮೇಯ್ದಿದೆ ಎಂದು ಬೇಲಿಯ ಬಳಿ ನಿಂತು ಕೂಗಿದಿರಿ. "ಆ ಬಂಡೆ ಹತ್ತೋಕೆ ನನ್ನಾಡಿಗೆ ರೆಕ್ಕೆ ಬಂದಿದ್ಯೇನಮ್ಮಾ?" ಎಂದರು ತಾತ. "ರೆಕ್ಕೆ ಇಲ್ದಿದ್ರೂ ಯಜಮಾನನ ಥರ ನಾಲಿಗೆ ಉದ್ದ ಇದ್ಯಲ್ಲ!" ಎಂದಿರಿ. ಬಾಗಿಲಲ್ಲಿ ನಿಂತು ನಾನೂ ನಕ್ಕೆ. ಹೌದು ಅತ್ತೆ, ನಕ್ಕೆ. ಮಾರನೇ ಬೆಳಿಗ್ಗೆ ತಾತ ಆ ಆಡನ್ನು ಸಂತೆಗೆ ಎಳೆದುಕೊಂಡು ಹೋಗುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಕಂಡು ತಲೆ ತಗ್ಗಿಸಿದೆ. ಅವರಿಗೆ ನೀವು ಹೇಳಬೇಡಿ. ಅವರ ಅಂಗಳದಲ್ಲಿ ನಿಂತು ನಾನೇ ಹೇಳಬೇಕು. ಹನ್ನೆರಡನೇ ತಾರೀಕು ಬರಲೇ? ದಯವಿಟ್ಟು ಬೇಗ ಉತ್ತರ ಬರೆಯಿರಿ.