ಟಾರ್ಚಿನ ಬೆಳಕಲ್ಲಿ ಕಂಡ ಹವಾಮಾನ

ಅಮ್ಮನ ಮೇಲೆ ಮುನಿಸಿಕೊಂಡು ದೂರದಲ್ಲಿ ಕೂತಿರುವ ನನ್ನ ಗುಬ್ಬಿಗೆ,

ಜಗತ್ತಿನ ಮೊಟ್ಟಮೊದಲ ಟೀವಿ ಕೆಟ್ಟಾಗ ಅದನ್ನು ಸರಿಮಾಡಿದವನು ನಿನ್ನ ಈ ಸೋದರಮಾವನೇ. ಆಗ ನಾನಿನ್ನೂ ಹುಟ್ಟೇ ಇರಲಿಲ್ಲವಲ್ಲ ಎಂದು ನಿಮ್ಮಪ್ಪ ಕೊಂಕು ತೆಗೆಯುತ್ತಾರೆ. ವಿದ್ಯೆಗೂ ವಯಸ್ಸಿಗೂ ಏನು ಸಂಬಂಧ? ಊರ ಶಾಲೆಯ ಒಂದೊಂದು ಕ್ಲಾಸನ್ನೂ ಎರಡೆರಡು ಸಲ ಓದಿ ಗಟ್ಟಿ ಮಾಡಿಕೊಂಡವನು ನಾನು. ಚಂದ್ರನ ಬೆಳಕು ಮಂಕಾದರೂ ನನ್ನನ್ನೇ ಕರೆಯಬೇಕು.

ಇರಲಿ, ವಿಷಯಕ್ಕೆ ಬರುತ್ತೇನೆ. ನೀನು ಮೊದಲ ಸಲ ಟೀವಿಯಲ್ಲಿ ಹವಾಮಾನ ಹೇಳಿದ ಸಂಜೆ, ಮುಗಿದ ಕೂಡಲೇ ಫೋನ್ ಮಾಡಿ, “ಅಮ್ಮಾ, ನನ್ನ ಅಂಗಿ ಹೆಂಗಿತ್ತು?” ಎಂದು ಕೇಳಿದೆ. ಅಕ್ಕ, “ಬೂದಿ ಬಣ್ಣ ನಿನಗೆ ಒಪ್ಪುತ್ತೆ ಕಣೇ” ಅಂದಳು. “ಹಳದಿ ಅಂಗಿ ಬೂದಿಯಂತೆ! ನೀನು ನೋಡೇ ಇಲ್ಲ” ಎಂದು ನೀನು ಫೋನ್ ಇಟ್ಟವಳು, ಮತ್ತೆ ಮಾಡಲಿಲ್ಲ. ಅದು ಅಕ್ಕನೇ ಹೆಣೆದ ಹಳೆಯ ಶಾಲಿನಿಂದ ಹೊಲಿಸಿದ ಅಂಗಿ. ನಿನ್ನ ಮಾತಿಗೆ ಕಟ್ಟುಬಿದ್ದು ಆ ಶಾಲನ್ನು ಅವಳ ಪೆಟ್ಟಿಗೆಯಿಂದ ಕದ್ದು ಕಳಿಸಿದವನು ನಾನು. ನಿನ್ನ ನೋವು ನನಗಲ್ಲದೆ ಇನ್ಯಾರಿಗೆ ಗೊತ್ತು?

ಆದರೆ ಗುಬ್ಬೀ, ಅವಳು ನೋಡಿದಳು. ನಿನ್ನನ್ನು ಅವಳಷ್ಟು ನೋಡಿದವರು ಯಾರೂ ಇಲ್ಲ.

ಟೀವಿ ಒಂದು ವಾರದಿಂದ ಕಣ್ಣು ಮಿಟುಕಿಸುತ್ತಿತ್ತು. ರಿಪೇರಿಯವರನ್ನು ಕಳಿಸುತ್ತೇನೆ ಎಂದು ನೀನು ಹೇಳಿದಾಗ, “ನಾನು ಬದುಕಿರುವಾಗ ರಿಪೇರಿಯವರಾ?” ಎಂದು ನಕ್ಕವನು ನಾನೇ. ಆ ಸಂಜೆ ರಿಮೋಟಿನ ಸೆಲ್ಲು ತೆಗೆದು ಅಂಗಿಗೆ ಉಜ್ಜಿ ಹಾಕಿದೆ. ಪ್ಲಗ್ ಕಿತ್ತು, ಅದರ ಕೋಪ ಇಳಿಯಲಿ ಎಂದು ಸ್ವಲ್ಪ ಹೊತ್ತು ಬಿಟ್ಟು ಸಿಕ್ಕಿಸಿದೆ. ಹಿಂದಿನ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಧೂಳು ಊದಿ, ಬಿಗಿ ಮಾಡಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಜಾಣನಾಗುತ್ತಿದ್ದೆ. ನಮ್ಮ ಕಾಲದ ಡೊಳ್ಳುಹೊಟ್ಟೆಯ ಟೀವಿಗೆ ಬೆನ್ನ ಮೇಲೊಂದು ಗುದ್ದು ಕೊಟ್ಟರೆ ಚಿತ್ರ ಓಡಿ ಬರುತ್ತಿತ್ತು. ಆ ಅಭ್ಯಾಸಬಲದಿಂದ ಈ ರೊಟ್ಟಿಯಂಥ ಟೀವಿಗೂ ಒಂದು ಕೊಟ್ಟೆ. ಪರದೆ ಕಪ್ಪಾಯಿತು. ಮಾತು ಮಾತ್ರ ಕೇಳುತ್ತಿತ್ತು.

“ಹವಾಮಾನದ ಹೊತ್ತಿಗೆ ಚಿತ್ರ ಬರದಿದ್ದರೆ ರಿಪೇರಿ ಖರ್ಚು ನನ್ನದು, ಬಾಜಿ!” ಎಂದೆ. “ಮಾತು ಬಲು ಜೋರಾಗಿದೆ, ಟೀವಿದಲ್ಲ, ನಿಂದು” ಅಂದರು ಭಾವ. ಅಕ್ಕ ತಲೆ ಬಾಚಿ, ಮುಖ ತೊಳೆದು, ನೀನೇ ಬಾಗಿಲಿಗೆ ಬರುತ್ತೀಯೇನೋ ಎನ್ನುವ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ನಿನ್ನ ದನಿ ಬಂತು. “ನಮಸ್ಕಾರ” ಅಂದೆ ನೀನು. ಕತ್ತಲೆಯೊಳಗಿಂದ.

ಎಲ್ಲಿ ಸಡಿಲವಾಗಿದೆ ನೋಡೋಣವೆಂದು ಟಾರ್ಚ್ ಹಚ್ಚಿದೆ. ತಂತಿಯತ್ತ ಬಗ್ಗುವಾಗ ಬೆಳಕು ಪರದೆಗೆ ತಾಗಿತು. ಅಲ್ಲಿ, ಬೆಳಕು ಬಿದ್ದಷ್ಟು ಜಾಗದಲ್ಲಿ, ನೀರಿನ ತಳದಲ್ಲಿ ಕಂಡ ಹಾಗೆ ನಿನ್ನ ಬೆರಳುಗಳು! ಚಿತ್ರ ಸತ್ತಿರಲಿಲ್ಲ ಗುಬ್ಬೀ, ಅದರ ಹಿಂದಿನ ದೀಪ ಮಾತ್ರ ಆರಿತ್ತು. ಭಾವ ಎದ್ದು ಸದ್ದಿಲ್ಲದೆ ಕಿಟಕಿಯ ಪರದೆ ಎಳೆದರು. ಕೋಣೆ ಕತ್ತಲಾಯಿತು. ನೀನು ಮೋಡ ತೋರಿಸಿದಲ್ಲಿ ಮೋಡ, ಗಾಳಿ ಎಂದಲ್ಲಿ ಗಾಳಿ; ನಿನ್ನ ಕೈಯ ಹಿಂದೆ ನನ್ನ ಟಾರ್ಚು, ಟಾರ್ಚಿನ ಹಿಂದೆ ಅಕ್ಕನ ಕಣ್ಣು. “ಮುಖಕ್ಕೆ ಹಿಡಿಯೋ... ಕೆಳಗೆ... ಅಯ್ಯೋ ಜಾಸ್ತಿ ಆಯ್ತು, ಕಣ್ಣು ಚುಚ್ಚುತ್ತೆ ಮಗೂಗೆ” ಎನ್ನುತ್ತಿದ್ದಳು. ನಾವು ಮೂವರೂ ಯಾವುದೋ ಕೊಳದ ದಡದಲ್ಲಿ ಬಗ್ಗಿ ಕೂತು, ಆಳದಲ್ಲಿ ತೇಲುವ ನಿನ್ನನ್ನು ನೋಡುತ್ತಿದ್ದ ಹಾಗಿತ್ತು. ಆ ಬೆಳಕಿನಲ್ಲಿ ಬಣ್ಣವಿರಲಿಲ್ಲ. ನೀನು, ಆಕಾಶ, ಎಲ್ಲವೂ ಬೂದಿ.

ಬೆಳಕು ನಿನ್ನ ಭುಜದ ಮೇಲೆ ನಿಂತಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು. “ಅಲ್ಲಾಡಿಸಬೇಡ. ಆ ಹೆಣಿಗೆ ನಂದಿದ್ದಂಗಿದೆ ಕಣೋ.” ಆಮೇಲೆ ಕೈ ಬಿಟ್ಟು, “ಇಲ್ಲ ಬಿಡು, ನಂದು ಹಳದಿ” ಅಂದಳು. ನಾನು ಬಾಯಿ ಬಿಡಲಿಲ್ಲ. ಗುಟ್ಟು ನಿನ್ನದು.

ನನ್ನ ಗುದ್ದಿಗೆ ಪರದೆ ಕಪ್ಪಾಗಿತ್ತೆಂದು ಅವಳು ನಿನಗೆ ಹೇಳದಿದ್ದುದು ನನ್ನ ಮಾನ ಉಳಿಸಲು. ಮರುದಿನ ರಿಪೇರಿಯವಳು ಬಂದು, “ಒಳಗಿನ ದೀಪದ ಪಟ್ಟಿ ಹೋಗಿದೆ, ಯಾರಾದ್ರೂ ಗುದ್ದಿದ್ರಾ?” ಎಂದಾಗಲೂ, “ಬೆಕ್ಕು ಹಾರಿತು” ಅಂದಳು ನಿಮ್ಮಮ್ಮ. ನಮ್ಮನೆಯಲ್ಲಿ ಬೆಕ್ಕೆಲ್ಲಿದೆ? ಮೀಸೆ ಇರುವವನು ನಾನೊಬ್ಬನೇ.

ಈಗ ಟೀವಿ ಸರಿಯಾಗಿದೆ, ಬಣ್ಣ ಬಂದಿದೆ. ಆದರೆ ನಿನ್ನ ಹವಾಮಾನದ ಹೊತ್ತಿಗೆ ಅಕ್ಕ ಟಾರ್ಚನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂರುತ್ತಾಳೆ. ಮುಗಿದ ಮೇಲೆ ಫೋನನ್ನೇ ನೋಡುತ್ತಾಳೆ. ಹಳದಿ ಎಂದು ನೀನು ಅಂದಾಗಿನಿಂದ ಪೆಟ್ಟಿಗೆ ತೆಗೆಯುತ್ತಾಳೆ, ಮುಚ್ಚುತ್ತಾಳೆ, ನನ್ನ ಮುಖ ನೋಡುತ್ತಾಳೆ. ಇನ್ನು ನನ್ನಿಂದ ತಡೆಯಲಾಗದು. ಶಾಲು ಎಲ್ಲಿ ಹೋಯಿತೆಂದು ನೀನೇ ಹೇಳಿಬಿಡು.

ನೀನು ಹೇಳಿದ ಕಡೆಯೆಲ್ಲ ಮಳೆ ಬರಲಿ, ನೀನು ನಡೆವ ದಾರಿಯಲ್ಲಿ ಮಾತ್ರ ಬಿಸಿಲಿರಲಿ.

ಇಂತಿ, ಮೀಸೆಯ ಬೆಕ್ಕು,
ನಿನ್ನ ಮಾವ

ತಾ.ಕ.: ಬಾಜಿಯಲ್ಲಿ ಸೋತದ್ದು ಒಂದು ಟೀ ದುಡ್ಡು ಎಂದು ಬೀದಿಗೆಲ್ಲ ಹೇಳಿದ್ದೇನೆ. ಟಾರ್ಚಿನಲ್ಲಿ ಕಂಡದ್ದೂ ಚಿತ್ರವೇ ಎಂದು ವಾದಿಸಿದೆ, ಭಾವ ಒಪ್ಪಲಿಲ್ಲ. ನಿನಗೊಬ್ಬಳಿಗೆ ನಿಜ ಹೇಳುತ್ತೇನೆ: ಮೂರು ಸಾವಿರದ ನಾನೂರು. ಟಾರ್ಚಿನ ಸೆಲ್ಲು ಬೇರೆ.