ಡಿಕ್ಕಿಯಲ್ಲಿದ್ದ ಮೂರು ಹೆಲ್ಮೆಟ್

೧೨ ನವೆಂಬರ್ ೨೦೨೪, ಮಂಗಳವಾರ. ಬೆಳಿಗ್ಗೆ ೫.೩೦

ಬ್ಯಾಟರಿ ನಾಲ್ಕೂ ಚಾರ್ಜ್ ಆಗಿವೆ. ಲೆನ್ಸ್ ಒರೆಸಿದ್ದಾಯಿತು. ಕಾರಿನ ಡಿಕ್ಕಿಯಲ್ಲಿ ಟ್ರೈಪಾಡ್, ನೀರಿನ ಕ್ಯಾನು, ಮೂರು ಹಳದಿ ಹೆಲ್ಮೆಟ್, ಮೂರು ಮಿಂಚುವ ಜಾಕೀಟು. ಅಬ್ಬಾನ ಗಡಿಯಾರಕ್ಕೆ ಕೀಲಿ ಕೊಟ್ಟು ಕಟ್ಟಿಕೊಂಡೆ. ಇವತ್ತು ಜಾಲಹಳ್ಳಿ ಹತ್ತಿರದ ಸೋಲಾರ್ ಸೈಟು, ಕಂಪನಿಯ ವಾರ್ಷಿಕ ಪುಸ್ತಕಕ್ಕೆ ಫೋಟೋ. ಹತ್ತರೊಳಗೆ ಮುಗಿಸಬೇಕು. ಆಮೇಲೆ ಬಿಸಿಲು ಪ್ಯಾನೆಲ್ ಮೇಲೆ ಬಿದ್ದು ಅರ್ಧ ಫೋಟೋ ಬೆಳ್ಳಗಾಗಿಬಿಡುತ್ತದೆ.

ಸಂಜೆ ೭

ಕೆಲಸ ಚೆನ್ನಾಗಿ ಆಯಿತು. ಪ್ಯಾನೆಲ್ ಸಾಲು ಮುಗಿದ ಕಡೆ, ಕರೆಂಟು ಹೊರಗೆ ಕಳಿಸುವ ಸ್ವಿಚ್‌ಯಾರ್ಡ್ ಏಳುತ್ತಿದೆ. ಕಬ್ಬಿಣದ ಕಂಬ, ಮೇಲೆ ಅಡ್ಡಪಟ್ಟಿ ಕಟ್ಟುವವರು, ಕೆಳಗೆ ಹಗ್ಗ ಹಿಡಿಯುವವರು. ಕೆಳಗಿನವರಲ್ಲಿ ಒಬ್ಬ ನಿಂಗರಾಜ, ಜಾಲಹಳ್ಳಿಯವನೇ. ಕುರುಬರ ಹುಡುಗ, ಇಪ್ಪತ್ತಾರು ಇರಬಹುದು. ಇವತ್ತಿನ ಮುಖ ಅವನದು. ಕ್ಯಾಮೆರಾ ಕಂಡರೆ ಮೈ ಸೆಟೆಸಿಕೊಳ್ಳುವವನಲ್ಲ.

ಸೇಫ್ಟಿ ಆಫೀಸರ್ ಹನುಮಂತ್ರಾಯರು ಪಕ್ಕದಲ್ಲೇ ನಿಂತಿದ್ದರು. "ಫೋಟೋದಾಗ ಬರೇ ತಲಿ ಬ್ಯಾಡ್ರಿ ಭಾಯಿ, ನಿಮ್ಮ ಹೆಲ್ಮೆಟ್ ತಂದೀರಲ್ಲ?" ಅಂದರು. ನನ್ನವು ಯಾವಾಗಲೂ ಇರುತ್ತವೆ. ಎರಡು ವರ್ಷದ ಹಿಂದೆ ಇನ್ನೊಂದು ಸೈಟಿನಲ್ಲಿ ಯಾರದೋ ತಲೆ ಬರಿದಾಗಿತ್ತೆಂದು ಇಡೀ ದಿನದ ಕೆಲಸ ವಾಪಸ್ ಬಂತು. ಅಂದಿನಿಂದ ಮೂರು ಕೊಂಡಿಟ್ಟುಕೊಂಡಿದ್ದೇನೆ. ಇಂಜಿನಿಯರುಗಳಿಗೆ ಸ್ವಂತದ್ದು ಇರುತ್ತದೆ, ದಿನಗೂಲಿಯವರಿಗೆ ಇರುವುದಿಲ್ಲ. ಫೋಟೋಕ್ಕೆ ಹಾಕಿಸುತ್ತೇನೆ, ಮುಗಿದ ಮೇಲೆ ಎಣಿಸಿ ಡಿಕ್ಕಿಗೆ ಹಾಕುತ್ತೇನೆ. ಅಬ್ಬಾ ಮಾನ್ವಿಯ ಸ್ಟುಡಿಯೋದಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಬಂದವರಿಗೆಲ್ಲ ಅದೇ ಒಂದು ಕೋಟು, ಒಂದು ಟೈ, ಈಗ ನನ್ನ ಕೈಯಲ್ಲಿರುವ ಈ ಗಡಿಯಾರ. ಹನುಮಂತ್ರಾಯರೂ ಮಾನ್ವಿಯವರು. ಕನ್ಯೆ ಕಡೆಯವರಿಗೆ ಕಳಿಸಲು ಅದೇ ಕೋಟಿನಲ್ಲಿ ಫೋಟೋ ತೆಗೆಸಿದ್ದಾಗಿ ನಗುತ್ತ ಹೇಳಿದರು.

ಮುಗಿದ ಮೇಲೆ ನಿಂಗರಾಜ ಹೆಲ್ಮೆಟ್ ತೆಗೆದು, ಟುವಾಲಿನಿಂದ ಒಳಗಿನ ಬೆವರು ಒರೆಸಿ, ಕೊಡದೆ ಹಿಡಿದುಕೊಂಡು ನಿಂತ.

"ಇದು ನಾ ಇಟ್ಕೊಳ್ಳಲೇನ್ರಿ ಸರ್?"

"ಇಲ್ಲಪ್ಪಾ, ನಾಳಿ ಚೀಕಲಪರ್ವಿಗೆ ಬೇಕಾಗ್ಯದ."

"ಹೌದ್ರಿ?" ಅಂದ. ಕೊಟ್ಟ.

೧೩ ನವೆಂಬರ್

ಚೀಕಲಪರ್ವಿ. ಹೊಳೆ ದಂಡೆಯ ಪಂಪ್‌ಹೌಸು. ತುಂಗಭದ್ರೆಯಲ್ಲಿ ನೀರು ಇನ್ನೂ ಚೆನ್ನಾಗಿದೆ. ಆಪರೇಟರ್ ಹೆಲ್ಮೆಟ್ ಹಾಕಿಕೊಂಡು ಮೂಗು ಮುರಿದ. "ಯಾರ್ದ್ರೀ ಇದು, ಕೊಬ್ರಿ ಎಣ್ಣಿ ವಾಸನಿ ಬರ್ತದ." ನಿನ್ನೆ ನಿಂಗರಾಜನ ತಲೆಯ ಮೇಲಿದ್ದದ್ದು.

೨ ಡಿಸೆಂಬರ್, ಸೋಮವಾರ

ಕಂಪನಿಗೆ ಫೋಟೋ ಹಿಡಿಸಿವೆ. ಪುಸ್ತಕದ ಮುಖಪುಟಕ್ಕೆ ನಿಂಗರಾಜ! ಹಳದಿ ಹೆಲ್ಮೆಟ್, ಹಿಂದೆ ಪ್ಯಾನೆಲ್ ಸಾಲು. ಬರುವ ವರ್ಷ ಅವರ ಎಲ್ಲ ಸೈಟು ನನಗೇ ಕೊಡುತ್ತಾರಂತೆ. ಹೆಂಡತಿ ಮಿನಾಜ್ ಖೀರು ಮಾಡಿದಳು. ಹದಿನೆಂಟು ವರ್ಷ ಮದುವೆ ಮಂಟಪದ ಹೊಗೆ ಕುಡಿದದ್ದಕ್ಕೆ ಈಗ ಒಂದು ದಾರಿ ಕಂಡಿತು. ಖುಷಿಯಾಗಿದ್ದೇನೆ.

೮ ಜನವರಿ ೨೦೨೫, ಬುಧವಾರ. ಮಧ್ಯಾಹ್ನ ೩

ಹನುಮಂತ್ರಾಯರ ಫೋನು. ಮಾತು ಒಂದರ ಮೇಲೊಂದು ಬೀಳುತ್ತಿತ್ತು.

"ಭಾಯಿ, ನಿಂಗರಾಜ ಹೋದ. ಮ್ಯಾಲಿಂದ ಕಬ್ಬಿಣದ ಪಟ್ಟಿ ಜಾರಿ ತಲಿ ಮ್ಯಾಲ ಬಿತ್ತು... ದೇವದುರ್ಗ ದವಾಖಾನಿ ಮುಟ್ಟೋದ್ರಾಗ ಎಲ್ಲಾ ಮುಗದಿತ್ತು. ಅವನ್ದೊಂದು ಫೋಟೋ ಕಳಿಸ್ರಿ, ಜಲ್ದಿ."

ಯಾಕೆಂದು ಕೇಳಲಿಲ್ಲ. ಶ್ರದ್ಧಾಂಜಲಿ ಬ್ಯಾನರಿಗೆ ಇರಬೇಕು ಎಂದುಕೊಂಡೆ. ಹೆಲ್ಮೆಟ್ ಹಾಕಿದ್ದನ್ನು ಕಳಿಸಿದೆ. ಅದೇ ಚೆನ್ನಾಗಿ ಬಂದಿತ್ತು.

೯ ಜನವರಿ

ಡಿಕ್ಕಿ ತೆಗೆದೆ. ಮೂರೂ ಇವೆ. ಮುಚ್ಚಿದೆ.

೩ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಗಿಲ್ಲೆಸುಗೂರಿನಲ್ಲಿ ಅಕ್ಕಿ ಗಿರಣಿಯೊಂದರ ಕೆಲಸವಿತ್ತು. ಮುಗಿಸಿ ರಾಯಚೂರಿನ ತೀನ್ ಕಂದೀಲಿಗೆ ಬಂದರೆ ನನ್ನ ಸ್ಟುಡಿಯೋ ಮುಂದೆ ಇಬ್ಬರು ಹೆಂಗಸರು. ನಿಂಗರಾಜನ ತಾಯಿ ಜಂಬಮ್ಮ, ತಂಗಿ ಚಂದ್ರಕಲಾ. ಚಂದ್ರಕಲಾ ದೇವದುರ್ಗದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಫೋಟೋದ ಮೂಲೆಯಲ್ಲಿ ನನ್ನ ಸ್ಟುಡಿಯೋ ಹೆಸರು ಓದಿ ಹುಡುಕಿಕೊಂಡು ಬಂದಿದ್ದಾರೆ.

"ಫೋಟೋ ಹಿಡದಾವ ನೀನೇ ಏನು ತಮ್ಮಾ?"

"ಹೌದು ಯವ್ವಾ."

ಜಂಬಮ್ಮ ಮಡಚಿದ ಕಾಗದ ಬಿಡಿಸಿದರು. ನನ್ನದೇ ಫೋಟೋ, ಜೆರಾಕ್ಸಿನಲ್ಲಿ ಕಪ್ಪಾಗಿತ್ತು. "ಈ ಟೋಪಿ ತಗದು ಕೊಡಾಕ ಬರ್ತದೇನು? ದೇವರ ಜಗಲಿ ಮ್ಯಾಲ ಇಡಬೇಕು. ಇದರಾಗ ಅವ ಯಾರೋ ಸಾಹೇಬ ಇದ್ದಂಗ ಅದಾನ. ನನ್ನ ಮಗ ಹಿಂಗಿದ್ದಿಲ್ಲ."

ಆಮೇಲೆ ಚಂದ್ರಕಲಾ ಕಾಗದದ ಕೆಳಗಿನ ಬರಹ ಓದಿದಳು. ಕಂಪನಿಯವರು ಲೇಬರ್ ಆಫೀಸಿಗೆ ಕೊಟ್ಟ ವರದಿ ಅದು. ಕಾರ್ಮಿಕನಿಗೆ ಹೆಲ್ಮೆಟ್ ಒದಗಿಸಲಾಗಿತ್ತು, ಛಾಯಾಚಿತ್ರ ಲಗತ್ತಿಸಿದೆ. ಮೃತನು ಸ್ವಂತ ನಿರ್ಲಕ್ಷ್ಯದಿಂದ ಅದನ್ನು ಧರಿಸಿರಲಿಲ್ಲ.

"ಬೂಟು ಕೊಟ್ಟಿದ್ರು ಸರ್, ದಿನಾ ಹಾಕ್ಕೊಂಡೇ ಹೋಗ್ತಿದ್ದ. ಬೂಟು ಮನ್ಯಾಗ ಅದಾವ. ಹೆಲ್ಮೆಟ್ ಕೊಟ್ಟಿದ್ರ ಅದೂ ಮನ್ಯಾಗ ಇರಬೇಕಿತ್ತಲ್ರಿ?"

"ರೊಕ್ಕ ಕೊಡಲಿ ಬಿಡಲಿ," ಅಂದರು ಜಂಬಮ್ಮ. "ನನ್ನ ಮಗ ಬೇಪರ್ವಾ ಇದ್ದ, ತನ್ನ ಸಾವು ತಾನೇ ತಂದ್ಕೊಂಡ ಅಂತ ಬರದಾರ. ಅದು ಹೋಗಬೇಕು. ಇಪ್ಪತ್ತೈದಕ್ಕ ಕರದಾರ ಆಫೀಸಿನಾಗ. ನಾ ಏನು ಹೇಳಲಿ ಅಲ್ಲಿ?"

"ನೋಡ್ತೀನಿ ಯವ್ವಾ" ಅಂದೆ. ಅಷ್ಟೇ ಅಂದೆ. ಹೊರಗೆ ಜಂಬಮ್ಮ ಕೈಚೀಲವನ್ನು ನನ್ನ ಕಾರಿನ ಡಿಕ್ಕಿಯ ಮೇಲಿಟ್ಟು ಸೆರಗು ಸರಿಮಾಡಿಕೊಂಡರು. ಬಸ್ ಸ್ಟ್ಯಾಂಡ್ ಕಡೆ ನಡೆದರು. ಕಾರಿನಲ್ಲಿ ಬಿಟ್ಟು ಬರಬಹುದಿತ್ತು. ಧೈರ್ಯವಾಗಲಿಲ್ಲ.

೪ ಫೆಬ್ರವರಿ. ಮಧ್ಯಾಹ್ನ ೨

ಶಟರ್ ಅರ್ಧ ಇಳಿಸಿ ಹಾರ್ಡ್ ಡಿಸ್ಕ್ ತೆಗೆದೆ. ಬರಿದಲೆಯ ಒಂದು ಫೋಟೋ ಸಿಕ್ಕರೆ ಜಂಬಮ್ಮನಿಗೆ ಕೊಟ್ಟು ಕೈತೊಳೆದುಕೊಳ್ಳಬಹುದು ಎಂಬ ಯೋಚನೆ.

ಸಿಕ್ಕಿತು. ನವೆಂಬರ್ ೧೨, ಬೆಳಿಗ್ಗೆ ೮.೪೨. ಬೆಳಕು ನೋಡಲು ತೆಗೆದ ಮೊದಲ ಫ್ರೇಮು. ಕ್ಯಾಮೆರಾ ಟ್ರೈಪಾಡ್ ಮೇಲೆ, ರಿಮೋಟು ನನ್ನ ಬಲಗೈಯಲ್ಲಿ. ನಿಂಗರಾಜ ತಲೆಗೆ ಟುವಾಲು ಸುತ್ತಿದ್ದಾನೆ, ಹಣೆಯ ಮೇಲೆ ಕೂದಲು ಇಳಿದಿದೆ, ಯಾರದೋ ಮಾತಿಗೆ ಬಾಯ್ತುಂಬ ನಗುತ್ತಿದ್ದಾನೆ. ನಾನು ತೆಗೆದ ಫೋಟೋಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ.

ಬಲಬದಿಯಿಂದ ಒಂದು ಎಡಗೈ ಫ್ರೇಮಿನೊಳಗೆ ಬಂದಿದೆ. ಹಳದಿ ಹೆಲ್ಮೆಟ್ ಚಾಚಿದೆ. ಮಣಿಕಟ್ಟಿನಲ್ಲಿ ಸ್ಟೀಲ್ ಪಟ್ಟಿಯ ಹಳೆಯ ಗಡಿಯಾರ.

೫ ಫೆಬ್ರವರಿ

ಗಡಿಯಾರ ಬಿಚ್ಚಿ ಡ್ರಾದಲ್ಲಿಟ್ಟಿದ್ದೇನೆ. ಎಲ್ಲಿ ಎಂದು ಮಿನಾಜ್ ಕೇಳಿದಳು. ಸೆಲ್ ಹೋಗಿದೆ ಅಂದೆ. ಕೀಲಿ ಕೊಡುವ ಗಡಿಯಾರ ಅದು, ಸೆಲ್ಲೇ ಇಲ್ಲ. ಅವಳಿಗೂ ಗೊತ್ತು.

೬ ಫೆಬ್ರವರಿ, ಗುರುವಾರ

ಹನುಮಂತ್ರಾಯರು ಬಂದಿದ್ದರು. ಚಹಾ ತರಿಸಿದೆ, ಮುಟ್ಟಲಿಲ್ಲ. ಇಳಿದುಹೋಗಿದ್ದಾರೆ.

"ಹೆಲ್ಮೆಟ್ ಬೇಕಂತ ಮೂರು ಸಲ ಬರದು ಕಳಿಸಿದ್ದೆ ಭಾಯಿ. ಬರಲೇ ಇಲ್ಲ. ಈಗ ಕೊಟ್ಟೀನಿ ಅಂತ ಸಹಿ ಮಾಡು ಅಂದ್ರು, ಮಾಡಿದೆ. ಮಾಡಲಿಲ್ಲಂದ್ರ ಎಲ್ಲಾ ನನ್ನ ತಲಿ ಮ್ಯಾಲ ಬರ್ತಿತ್ತು."

ಬಾಗಿಲ ಕಡೆ ಒಮ್ಮೆ ನೋಡಿ, "ಅವತ್ತಿನ ಹಿಂದು ಮುಂದಿನ ಫೋಟೋ ಏನರ ಇದ್ರ ಅಳಸಿಬಿಡ್ರಿ. ನನಗಷ್ಟೇ ಅಲ್ಲ, ನಿಮಗೂ ಚಲೋದು. ಕೊಟ್ಟ ಕೈ ನಿಮ್ದದ, ಮರೀಬ್ಯಾಡ್ರಿ."

ಸಿಟ್ಟು ಬಂತು. ಅವರ ಮೇಲಲ್ಲ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

೯ ಫೆಬ್ರವರಿ, ಭಾನುವಾರ. ಮಾನ್ವಿ

ಅಬ್ಬಾ ಈಗ ಹತ್ತಿರದ್ದು ಕಾಣುವುದಿಲ್ಲ ಎನ್ನುತ್ತಾರೆ, ಆದರೆ ನಾನು ಬಂದ ಕೂಡಲೇ ನನ್ನ ಬರಿಗೈ ನೋಡಿದರು. ಎಲ್ಲ ಹೇಳಿದೆ. ಕೋಟಿನ ಮಾತು ನಾನೇ ತೆಗೆದೆ. ನೀವೂ ಇಲ್ಲದ್ದನ್ನು ಹಾಕಿಸಿ ಫೋಟೋ ತೆಗೆದಿರಿ, ನಾನೂ ತೆಗೆದೆ, ಇದರಲ್ಲಿ ತಪ್ಪೇನು ಅಂದೆ. ಅವರು ಹೌದೆನ್ನಲಿ ಎಂದೇ ಅಷ್ಟು ದೂರ ಹೋಗಿದ್ದೆ.

"ನಕ್ಕೊ," ಅಂದರು ಅಬ್ಬಾ, ಆ ಮಾತೇ ಬೇಡ ಎನ್ನುವ ಹಾಗೆ ಕೈಯಾಡಿಸಿ. ಮುಂದೆ ದಖ್ಖಣಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ಆ ಕೋಟು ಸ್ಟುಡಿಯೋದ ಸತ್ತಾರ್ ಸಾಬನದು, ಎಂದರೆ ತಮ್ಮದು, ಅಂತ ಹಾಕಿಕೊಂಡವನಿಗೆ ಗೊತ್ತಿತ್ತು. ಕನ್ಯೆ ಕಡೆಯವರಿಗೂ ಗೊತ್ತಿತ್ತು, ಅವರ ಮನೆ ಮದುಮಗನೂ ಅದನ್ನೇ ಹಾಕಿಕೊಂಡಿದ್ದ. ಇಡೀ ಮಾನ್ವಿಗೆ ಗೊತ್ತಿದ್ದ ಕೋಟು. ನಿನ್ನ ಹೆಲ್ಮೆಟ್ ನಿನ್ನದು ಅಂತ ಯಾರಿಗೆ ಗೊತ್ತಿದೆ?

ಊಟಕ್ಕೆ ಕೂತೆವು.

೨೪ ಫೆಬ್ರವರಿ, ಸೋಮವಾರ

ಹದಿನೈದು ದಿನ ಬರೆಯಲಿಲ್ಲ. ಎರಡು ಮದುವೆ, ಒಂದು ತೊಟ್ಟಿಲು. ಕಂಪನಿಯ ಹೊಸ ಕರಾರು ಬಂದಿದೆ, ಸಹಿ ಹಾಕದೆ ಮೇಜಿನ ಮೇಲಿದೆ. ನಡುವೆ ಒಮ್ಮೆ ಕೂತು ಆ ಫೋಟೋದಿಂದ ಕೈಯನ್ನು ಕತ್ತರಿಸಿ ಮುಖವಷ್ಟೇ ಉಳಿಸಿದೆ. ಚೆನ್ನಾಗಿಯೇ ಬಂತು, ಜಗಲಿಗೆ ಸಾಕಾಗುವಂಥದು. ಅದರ ಪ್ರಿಂಟೂ ಹಾಕಿದೆ. ಇವತ್ತು ಹೊರಡುವಾಗ ಪೂರ್ತಿ ಫೋಟೋದ ಪ್ರಿಂಟನ್ನೂ ಲಕೋಟೆಗೆ ಸೇರಿಸಿದೆ.

ಜಾಲಹಳ್ಳಿ. ಬಾಗಿಲ ಪಕ್ಕ ಬೂಟು ಜೋಡಿ, ತೊಳೆದಿಟ್ಟಿದ್ದಾರೆ. ಜಂಬಮ್ಮ ಮೊದಲು ಮುಖದ ಫೋಟೋ ತೆಗೆದುಕೊಂಡರು. ಅದರ ಮೇಲೆ ಕೈಯಾಡಿಸಿದರು. "ಈಗ ನನ್ನ ಮಗ ಆದ" ಅಂದರು. ಅಲ್ಲೇ ಎದ್ದುಬರಬಹುದಿತ್ತು. ಎರಡನೆಯದನ್ನು ನಾನೇ ಕೈಗೆ ಕೊಟ್ಟೆ.

ಬಹಳ ಹೊತ್ತು ನೋಡಿದರು.

"ಈ ಕೈ ಯಾರ್ದು?"

"ನಂದು ಯವ್ವಾ. ಹೆಲ್ಮೆಟ್ಟೂ ನಂದೇ. ಫೋಟೋಕ್ಕಷ್ಟೇ ಹಾಕಿಸಿ ತಿರುಗಿ ಇಸ್ಕೊಂಡೆ. ಕಂಪನ್ಯಾವ್ರು ಕೊಟ್ಟಿದ್ದಲ್ಲ."

ಚಂದ್ರಕಲಾ ಏನೋ ಹೇಳಲು ಬಂದಳು. ಜಂಬಮ್ಮ ಅವಳ ಮೊಣಕಾಲ ಮೇಲೆ ಕೈಯಿಟ್ಟು ತಡೆದರು.

"ಅವ ಕೇಳಿರಬೇಕಲ್ಲ, ಇಟ್ಕೊಳ್ಳಲೇನಂತ? ಸಣ್ಣಾವಿದ್ದಾಗಿಂದ ಹಂಗಾ. ಚಲೋದು ಕಂಡ್ರ ಬಾಯಿಬಿಟ್ಟು ಕೇಳ್ತಿದ್ದ."

"ಕೇಳಿದ."

"ನೀ ಏನಂದಿ?"

ಹೇಳಿದೆ. ನಾಳೆ ಚೀಕಲಪರ್ವಿಗೆ ಬೇಕು ಅಂದೆನೆಂದು ಹೇಳಿದೆ. ಜಂಬಮ್ಮ ಅಳಲಿಲ್ಲ. ನಾನು ಅತ್ತೆ. ಅವರ ಮನೆಯಲ್ಲಿ ಕೂತು ಅಳುವ ಹಕ್ಕು ನನಗಿರಲಿಲ್ಲ, ತಡೆಯಲಾಗಲಿಲ್ಲ.

"ನಾಳಿ ಆಫೀಸಿನಾಗೂ ಹಿಂಗಾ ಹೇಳ್ತೀಯೇನು?"

"ಹೇಳ್ತೀನಿ."

"ಅಳಬ್ಯಾಡ ಮತ್ತ ಅಲ್ಲಿ. ಅತ್ರ ಮಾತು ತಿಳಿಯಂಗಿಲ್ಲ ಅವರಿಗಿ. ಸರಿಯಾಗಿ ಹೇಳು."

ಕುಡಿಯಲು ನೀರು ಕೊಡಲಿಲ್ಲ.

೨೫ ಫೆಬ್ರವರಿ, ಮಂಗಳವಾರ. ಬೆಳಿಗ್ಗೆ ೧೦.೫೦

ರಾಯಚೂರು, ಲೇಬರ್ ಆಫೀಸಿನ ಹೊರಗಿನ ಬೆಂಚು. ಕಾಲ ಬಳಿ ಗೋಣಿಚೀಲ, ಅದರಲ್ಲಿ ಮೂರು ಹೆಲ್ಮೆಟ್. ಲಕೋಟೆಯಲ್ಲಿ ೮.೪೨ರ ಫೋಟೋ, ಕಂಪನಿ ಲಗತ್ತಿಸಿದ ಹೆಲ್ಮೆಟ್ಟಿನ ಫೋಟೋ. ಜೊತೆಗೆ ಚೀಕಲಪರ್ವಿಯದು, ಅದಕ್ಕಿಂತ ಹಿಂದೆ ಬೇರೆ ಸೈಟುಗಳಲ್ಲಿ ತೆಗೆದವು ನಾಲ್ಕು. ಒಂದೇ ಹೆಲ್ಮೆಟ್, ಅಂಚಿನಲ್ಲಿ ಒಂದೇ ಗೀರು, ಆರು ಜನರ ತಲೆ. ಕರಾರು ಮನೆಯಲ್ಲೇ ಇದೆ, ಇನ್ನು ಅದರ ಆಸೆ ಇಲ್ಲ.

ಹನುಮಂತ್ರಾಯರು ಎದುರು ಬೆಂಚಿನಲ್ಲಿದ್ದಾರೆ. ಚೀಲ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಬೆಳಿಗ್ಗೆ ಗಡಿಯಾರಕ್ಕೆ ಕೀಲಿ ಕೊಟ್ಟು ಕಟ್ಟಿಕೊಂಡು ಬಂದಿದ್ದೇನೆ. ಫೋಟೋದ ಕೈ ಯಾವುದೆಂದು ಒಳಗೆ ಯಾರೂ ಹುಡುಕಬೇಕಾಗಬಾರದು. ಎದ್ದು ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದಾರೆ.

ಜಂಬಮ್ಮ ಬಾಗಿಲ ಹತ್ತಿರ ನಿಂತಿದ್ದಾರೆ. ಕೂಡ್ರಿ ಅಂದರೂ ಕೂಡ್ರಲಿಲ್ಲ.

ಸರಿಯಾಗಿ ಹೇಳು ಅಂದಿದ್ದಾರೆ. ಒಳಗೆ ಹೋದರೆ ಮಾತು ತಪ್ಪುತ್ತದೆ, ಇಲ್ಲೇ ಬರೆದುಕೊಳ್ಳುತ್ತೇನೆ.

ನಿಂಗರಾಜ ಬೇಪರ್ವಾ ಅಲ್ಲ. ಅವನಿಗೆ ಹೆಲ್ಮೆಟ್ ಯಾರೂ ಕೊಟ್ಟಿರಲಿಲ್ಲ. ಅವನೇ ಬಾಯಿಬಿಟ್ಟು ಕೇಳಿದ್ದ. ಇಲ್ಲ ಎಂದವನು ನಾನು.