ತುಟಿ ಅಲುಗಿದ ಅಪರಾಧ

ಸಾಫ್ಟ್‌ವೇರ್ ಪ್ರಮಾಣಪತ್ರ ಪರೀಕ್ಷೆಗಳ ಮುಖ್ಯಸ್ಥರೇ,

ತುಟಿ ಅಲುಗಿತೆಂಬ ಕಾರಣಕ್ಕೆ ನನ್ನ ಅಕ್ಕನ ಪರೀಕ್ಷೆಯನ್ನು ನೀವು ಅರ್ಧದಲ್ಲೇ ರದ್ದು ಮಾಡಿದ್ದೀರಿ. ಈ ತಿಂಗಳೊಳಗೆ ನಿಮ್ಮ ಪ್ರಮಾಣಪತ್ರ ಸಿಗದಿದ್ದರೆ ಆಕೆಯ ಕೆಲಸ ಹೋಗುತ್ತದೆ.

ಅಕ್ಕ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸದವಳು. ಇದೇ ಪ್ರಮಾಣಪತ್ರ ಆಕೆಯ ಬಳಿ ಇತ್ತು, ಅವಧಿ ಮುಗಿಯಿತಂತೆ. ಕಲಿತದ್ದೇನು ಹಾಲೇ, ಇಟ್ಟಲ್ಲೇ ಒಡೆದುಹೋಗಲು? ನಿಮ್ಮ ಕುರ್ಚಿಯ ಅರ್ಹತೆಗೂ ಇಂಥದೊಂದು ಅವಧಿ ಉಂಟೇ? ಆಕೆಯ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದಿಷ್ಟು: "ನಿನ್ ಕೆಲ್ಸ ನಂಗೊತ್ತಮ್ಮ. ಆದ್ರೆ ಗಿರಾಕಿ ನಿನ್ನ ನೋಡಲ್ಲ, ಪ್ರಮಾಣಪತ್ರ ನೋಡ್ತಾನೆ."

ಹಾಗಾಗಿ ಮನೆಯಿಂದಲೇ ಬರೆಯುವ ನಿಮ್ಮ ಪರೀಕ್ಷೆಗೆಂದು ಅಕ್ಕ ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಕ್ಯಾಮೆರಾದ ಮುಂದೆ ಕುಳಿತಳು. ಸದ್ದಾಗದಂತೆ ಕಾಯಲು ನಾನು ಬಾಗಿಲಾಚೆ ನಿಂತೆ. ಅಮ್ಮ ಕೆಮ್ಮನ್ನೂ ಸೆರಗಿನಲ್ಲಿ ಅದುಮಿಕೊಂಡಳು. ಅಷ್ಟರಲ್ಲಿ ಕ್ಯಾಮೆರಾದಾಚೆ ಕುಳಿತು ಪರೀಕ್ಷೆ ಕಾಯುವ ನಿಮ್ಮ ಕಾವಲುಗಾರನ ದನಿ ಲ್ಯಾಪ್‌ಟಾಪ್‌ನಿಂದ ಕೇಳಿಸಿತು.

"ಮೇಡಂ, ಯಾರ್ ಹತ್ರ ಮಾತಾಡ್ತಿದೀರಾ?"

"ಯಾರ್ ಹತ್ರಾನೂ ಇಲ್ಲ ಸರ್. ಪ್ರಶ್ನೆ ಓದ್ಕೋತಿದೀನಿ."

"ಮಂಚದ ಕೆಳಗೆ ತೋರ್ಸಿ."

ಲ್ಯಾಪ್‌ಟಾಪ್ ಎತ್ತಿ ತೋರಿಸಿದಳು. ಅಲ್ಲಿದ್ದದ್ದು ಹಳೆಯ ಚಪ್ಪಲಿ. ಅದು ಉತ್ತರ ಹೇಳಿಕೊಟ್ಟಿತೇ? ಆಮೇಲೆ ಅಕ್ಕ ತುಟಿ ಕಚ್ಚಿಕೊಂಡು ಓದಿದಳು. ಒಂದು ಸಾಲೂ ತಲೆಗೆ ಹೋಗಲಿಲ್ಲವಂತೆ. ಮೈಮರೆತು ಮತ್ತೆ ತುಟಿ ಅಲುಗಿಸಿದಳು. ಪರೀಕ್ಷೆಯ ಪರದೆಯೇ ಮುಚ್ಚಿಹೋಯಿತು.

"ಅಲ್ಲ ಕಣೇ, ಓದೋಕೆ ಬಾಯಿ ಬೇಡ್ವಾ? ಇವ್ರೇನು ಮೂಗಿನಲ್ಲಿ ಓದ್ತಾರಾ?" ಎಂದಳು ಅಮ್ಮ. ಅಕ್ಕ ನಗಲಿಲ್ಲ.

ಆ ಅಭ್ಯಾಸ ಆಕೆಗೆ ಅಂಟಿದ್ದು ನನ್ನಿಂದ. ಪ್ರಾಥಮಿಕ ಶಾಲೆಗೇ ನನ್ನ ಓದು ನಿಂತಿತು. ಆಮೇಲೆ ಅಕ್ಕ ತನ್ನ ಪಾಠಗಳನ್ನೆಲ್ಲ ನನಗೆ ಕೇಳಿಸುವಂತೆ ಓದಿದಳು. ಪಕ್ಕದಲ್ಲಿ ಕುಳಿತು ನಾನು ಅಕ್ಷರ ಹಿಂಬಾಲಿಸಿದೆ. ಈ ಪತ್ರ ಬರೆಯುವಷ್ಟು ಕನ್ನಡ ನನಗೆ ಬಂದದ್ದು ನೀವು ಅನುಮಾನಿಸಿದ ಆ ತುಟಿಗಳಿಂದ. ಈಗ ಆಫೀಸಿನಲ್ಲೂ ಆಕೆ ಹೀಗೇ ಗೊಣಗುತ್ತ ತಪ್ಪು ಹಿಡಿಯುತ್ತಾಳೆ. ಅಲ್ಲಿ ಯಾರೂ ಮೇಜಿನ ಕೆಳಗೆ ಇಣುಕಿಲ್ಲ.

ನಿಮ್ಮ ಕ್ಯಾಮೆರಾ ಹಿಡಿದಿಟ್ಟ ದಾಖಲೆಯಲ್ಲಿ ಆಕೆಯ ಧ್ವನಿಯೂ ಇದೆಯಲ್ಲ, ಆ ಗೊಣಗನ್ನು ಕಿವಿಯಿಟ್ಟು ಕೇಳಿ. ನೀವೇ ಕೊಟ್ಟ ಪ್ರಶ್ನೆಯ ಪದಗಳಲ್ಲದೆ ಬೇರೇನೂ ಅಲ್ಲಿಲ್ಲ. ರದ್ದತಿಯನ್ನು ಹಿಂಪಡೆಯಿರಿ, ತಿಂಗಳು ಮುಗಿಯುವ ಮೊದಲು ಆಕೆಯನ್ನು ಮತ್ತೆ ಪರೀಕ್ಷೆಗೆ ಕೂರಿಸಿ, ತುಟಿಯನ್ನು ಅದರ ಪಾಡಿಗೆ ಬಿಡಿ. ಬಾಯಿ ಬಿಡದಿರುವುದೇ ನಿಮ್ಮ ಲೆಕ್ಕದಲ್ಲಿ ಯೋಗ್ಯತೆಯಾದರೆ, ಪ್ರಮಾಣಪತ್ರವನ್ನು ನನಗೇ ಕಳುಹಿಸಿ. ಹೊರಗಿನವರ ಮುಂದೆ ನಾನು ಈವರೆಗೆ ತುಟಿ ಎರಡು ಮಾಡಿದವಳಲ್ಲ.

ಇಂತಿ,
ಬಾಗಿಲಾಚೆ ಸುಮ್ಮನೆ ನಿಂತಿದ್ದ ತಂಗಿ